‘ನಿಲ್ಲಿಸಿ’ ಅಂದವರು ಯಾರು?

ಡಾಕ್ಟರಮ್ಮನ ತಲೆ ಕೆಟ್ಟು ಕೆರ ಹಿಡಿದಿತ್ತು. ನಾಳೆ ಸರ್ಜರಿ ತರಬೇತಿಯ ಸಂದರ್ಶನ, ಇರುವುದು ಒಂದೇ ಸೀಟು. ಅದಕ್ಕೆ ಅವಳೂ ಅರ್ಜಿ ಹಾಕಿದ್ದಳು, ಜೊತೆಯಲ್ಲೇ ಕೆಲಸ ಮಾಡುವ, ಎಲ್ಲರೂ ‘ಕಡ್ಡಿ’ ಎಂದೇ ಕರೆಯುವ ಸಣಕಲು ಗೆಳತಿಯೂ ಹಾಕಿದ್ದಳು. ಇಬ್ಬರೂ ಸೇರಿಯೇ ಓದಿದ್ದರು. ಇವಳ ಉತ್ತರವನ್ನು ಅವಳು ಹೇಳಿ ತೋರಿಸುವುದು, ಅವಳದ್ದನ್ನು ಇವಳು ತಿದ್ದಿ ತೀಡಿ ಒಪ್ಪಿಸುವುದು, ಹೀಗೇ ನಡೆದಿತ್ತು.

ಎಡವಟ್ಟಾದದ್ದು ಸಂಜೆ, ಅಡುಗೆಮನೆಯಲ್ಲಿ. ಹಿರಿಯ ಡಾಕ್ಟರನ್ನು ತಡೆದ ಪ್ರಸಂಗವೊಂದನ್ನು ಹೇಳಿ ಎಂದು ಕಡ್ಡಿ ಸಂದರ್ಶಕರ ಠೀವಿಯಲ್ಲಿ ಕೇಳಿದಳು. ಡಾಕ್ಟರಮ್ಮ ಶುರು ಹಚ್ಚಿದಳು: ಪಿತ್ತಕೋಶದ ಆಪರೇಷನ್, ದೊಡ್ಡ ಮೇಡಂ ತಪ್ಪು ನಾಳಕ್ಕೆ ಕ್ಲಿಪ್ ಹಾಕಲು ಹೊರಟದ್ದು, ತಾನು “ಮೇಡಂ, ನಿಲ್ಲಿಸಿ” ಅಂದದ್ದು.

ಕಡ್ಡಿ ಕಣ್ಣು ಕಣ್ಣು ಬಿಟ್ಟಳು. “ಅದು ನಂದು ಕಣೇ. ಹೇಳಿದ್ದು ನಾನು.”

“ನಾನಲ್ವಾ?”

ಅವತ್ತು ಆಪರೇಷನ್ ಮೇಜಿನ ಬಳಿ ಇಬ್ಬರೂ ನಿಂತಿದ್ದದ್ದು ನಿಜ. ಯಾವುದು ನೆನಪು, ಯಾವುದು ಬಾಯಿಪಾಠ, ಈಗ ಇಬ್ಬರಿಗೂ ತಿಳಿಯದು. ದೊಡ್ಡ ಮೇಡಂಗೇ ಫೋನ್ ಮಾಡಿದರು.

“ನನ್ನ ಕಣ್ಣು ಕ್ಯಾಮೆರಾದ ಪರದೆ ಮೇಲಿತ್ತಮ್ಮ. ನೀವಿಬ್ರೂ ಮಾಸ್ಕ್ ಹಾಕಿದ್ರಿ, ಇಬ್ರದೂ ಒಂದೇ ಕೀರಲು ದನಿ. ಯಾರಂದ್ರೋ, ಪುಣ್ಯ ಕಟ್ಕೊಂಡ್ರಿ.”

“ನಾಳೆ ಇಬ್ರೂ ಅದನ್ನ ಹೇಳ್ಬೇಡಿ, ಮುಗೀತಲ್ಲ,” ಅಂದಳು ಒಲೆಯ ಮುಂದಿದ್ದ ಡಾಕ್ಟರಮ್ಮನ ಅಕ್ಕ.

ಮುಗಿಯಲಿಲ್ಲ. ಸೀಟು ಹೋದರೆ ಹೋಗಲಿ, ಅವತ್ತು ತಾನು ಬಾಯಿ ಬಿಟ್ಟವಳೋ, ಬಾಯಿಗೆ ಬೀಗ ಹಾಕಿಕೊಂಡು ನಿಂತವಳೋ? ಡಾಕ್ಟರಮ್ಮನಿಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಕಡ್ಡಿ ಮೊದಲು ಒಳಗೆ ಹೋದಳು. ಹೊರಬಂದು ಪಿಸುಗುಟ್ಟಿದಳು: “ಹೇಳಿದವಳು ನೀನೇ ಅಂತ ಹೇಳ್ಬಿಟ್ಟು ಬಂದೆ.” ಯಾಕೆ ಎಂದು ಕೇಳುವಷ್ಟರಲ್ಲಿ ಡಾಕ್ಟರಮ್ಮನನ್ನು ಕರೆದರು.

ಮೂವರು ಸಂದರ್ಶಕರಲ್ಲಿ ನಡುವೆ ಕೂತಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡಿದರು. “ನಿಲ್ಲಿಸಿ ಅಂದಿದ್ದು ನೀವಂತೆ?”

ಹೂಂ ಅಂದರೆ ಸೀಟು ಕೈಗೆ ಬಂದ ಹಾಗೆಯೇ. ಹೂಂ ನಾಲಿಗೆಯ ತುದಿಯಲ್ಲೇ ಇತ್ತು.

“ಗೊತ್ತಿಲ್ಲ ಸರ್. ನಾನೇ ಅಂದ್ಕೊಂಡಿದ್ದೆ. ಅವಳೂ ಇರಬಹುದು. ಹೇಳಿ ಹೇಳಿ ಎಲ್ಲಾ ಕಲಸಿಹೋಗಿದೆ.”

ಮೂವರೂ ಮುಖ ಮುಖ ನೋಡಿಕೊಂಡರು. ಕೆಲಸ ಕೆಟ್ಟಿತು ಅಂದುಕೊಂಡಳು ಡಾಕ್ಟರಮ್ಮ.

“ಹೋಗ್ಲಿ ಬಿಡಿ,” ಅಂದರು ಹಿರಿಯರು. “ನಾಳೆ ಮತ್ತೆ ಹಾಗೇ ಆದ್ರೆ, ಯಾರು ಹೇಳ್ತಾರೆ?”

“ನಾನು,” ಅಂದಳು. ಈ ಉತ್ತರವನ್ನು ಅವಳು ಕಡ್ಡಿಯ ಮುಂದೆ ಒಮ್ಮೆಯೂ ಒಪ್ಪಿಸಿರಲಿಲ್ಲ.