ಉಗುರಿನಷ್ಟು ನೀಲಿ

ನವ್ಯಶ್ರೀ ಹಿಪ್ಪುನೇರಳೆ ಸಾಲಿನಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಎಲೆ ಮುರಿಯುವ ಚಟಚಟ ಬಿಟ್ಟರೆ ಬೇರೆ ಸದ್ದಿಲ್ಲ. ಗೋಣಿ ತುಂಬಿದ ಮೇಲೆ ತಲೆಗೇರಿಸಿಕೊಂಡು ಮನೆಗೆ ನಡೆದಳು. ಅಂಗಳಕ್ಕೆ ಕಾಲಿಡುವ ಮೊದಲೇ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯಿತು.

ಕೊಟ್ಟಿಗೆಯ ಮೋರಿ ಫಳಫಳ ಹೊಳೆಯುತ್ತಿತ್ತು. ಅವ್ವ ಮಾಯಮ್ಮ ಪೊರಕೆ ಹಿಡಿದು ನಿಂತಿದ್ದಳು.

"ಕ್ಯಾಮೆರಾದೋರು ಬತ್ತಾರಲ್ಲ, ಗಂಜಲ ನಾರ್ತಿತ್ತು. ತೊಳೆದ್ಬುಟ್ಟೆ."

ನವ್ಯಶ್ರೀಗೆ ಅಳು ಬಂತು. ಮೋರಿಯಂಚಿನಲ್ಲಿ ಗಂಜಲ ಇಂಗಿದ ಒದ್ದೆ ಮಣ್ಣಿಗೇ ಕಿರುಬೆರಳಿನ ಉಗುರಿನಷ್ಟಿರುವ ಚಿಟ್ಟೆ ಉಪ್ಪು ಹೀರಲು ಬರುತ್ತಿದ್ದದ್ದು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ಅವಳು ಅದನ್ನು ನೋಡುತ್ತಾ ಬಂದಿದ್ದಳು. ತಾಲ್ಲೂಕಿನ ಚಿಟ್ಟೆಗಳ ಪಟ್ಟಿ ಮಾಡುತ್ತಿದ್ದ ರುದ್ರಪ್ರಸಾದ್ ಮೇಷ್ಟ್ರಿಗೆ ಮೊಬೈಲಿನಲ್ಲಿ ಫೋಟೊ ಕಳಿಸಿದರೆ, ರೆಕ್ಕೆ ಬಿಚ್ಚಿದ್ದು ಬೇಕು, ಮಡಿಚಿಕೊಂಡಿದ್ದನ್ನು ಪಟ್ಟಿಗೆ ಸೇರಿಸೋಕಾಗಲ್ಲ ಅಂದಿದ್ದರು. ಇವತ್ತು ಅವರೇ ಬರುತ್ತಿದ್ದರು. ನಾಳೆ ಪಟ್ಟಿ ಅಚ್ಚಿಗೆ ಹೋಗುತ್ತಿತ್ತು.

ಒಂಬತ್ತಕ್ಕೆ ಮೇಷ್ಟ್ರ ಬೈಕ್ ಬಂತು. ಹಿಂದೆ ಚನ್ನಪಟ್ಟಣದ ಓವೈಸ್, ಬಿಳಿ ಪ್ಯಾಂಟು, ಮೊಣಕೈಯುದ್ದದ ಲೆನ್ಸು. ಅರ್ಧ ಗಂಟೆ ಮೋರಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಏನೂ ಬರಲಿಲ್ಲ.

"ಒಂದು ನೊಣಾನಾದ್ರೂ ಬರಲಿ ಸಾರ್, ಬೋಣಿ ಆಗ್ಲಿ," ಎಂದ ಓವೈಸ್.

ಮೇಷ್ಟ್ರು ವಾಚು ನೋಡಿಕೊಂಡರು.

ನವ್ಯಶ್ರೀ ಕೆಂಪಿಯ ಹಗ್ಗ ಬಿಚ್ಚಿ ಬಿಸಿಲು ಬಿದ್ದ ಬದುವಿಗೆ ಹಸುವನ್ನು ಹೊಡೆದುಕೊಂಡು ಹೋದಳು. ಇಬ್ಬರೂ ಹಿಂದೆಯೇ ಬಂದರು. ಗೃಹಪ್ರವೇಶಕ್ಕೆ ಗಂಜಲ ಕೇಳಿಕೊಂಡು ಬಂದವರಿಗೆ ಅವ್ವ ಹೇಗೆ ಹಿಡಿದು ಕೊಡುತ್ತಾಳೆಂದು ಅವಳು ಎಷ್ಟೋ ಸಲ ನೋಡಿದ್ದಳು. ಆದರೆ ಹೊರಗಿನ ಗಂಡಸರ ಎದುರಿಗೆ? ಕಿವಿ ಕಾದ ಹೆಂಚಾಯಿತು. ಕಣ್ಣು ನೆಲಕ್ಕೆ ನೆಟ್ಟು, ಕೆಂಪಿಯ ಬಾಲ ಎತ್ತಿ ಕೆಳಗೆ ಮೆಲ್ಲಗೆ ಸವರಿದಳು. ಕೆಂಪಿ ಬೆನ್ನು ಬಾಗಿಸಿ ಧಾರೆಯಾಗಿ ಹುಯ್ದಿತು.

"ಏನಮ್ಮಾ ಇದು?" ಎಂದರು ಮೇಷ್ಟ್ರು.

"ಅದಕ್ಕೆ ಊಟ, ಸಾರ್."

ಹಸುವನ್ನು ದೂರ ಕಟ್ಟಿ ಬಂದು ಕಾದಳು. ನೊರೆ ಇಂಗಿತು. ಬೂದಿಯ ಚೂರಿನಂಥದ್ದೊಂದು ಬಂದು ಕೂತಿತು. ಹಿಂದೆಯೇ ಇನ್ನೆರಡು. ಎಲ್ಲವೂ ರೆಕ್ಕೆ ಮಡಿಚಿಕೊಂಡೇ ಇದ್ದವು. ಓವೈಸ್ ಒಮ್ಮೆ ಕೆಸರು ನೋಡಿದ, ಒಮ್ಮೆ ತನ್ನ ಪ್ಯಾಂಟು ನೋಡಿಕೊಂಡ. ಅವಳು ಬೋರಲು ಮಲಗಿ, ಎರಡೂ ಮೊಣಕೈ ಗಂಜಲದ ಮಣ್ಣಿಗೆ ಊರಿ, ಮೊಬೈಲನ್ನು ಗೇಣುದ್ದ ದೂರಕ್ಕೆ ತಂದಳು. ತೋಳು ನೋಯಿತು. ಗದ್ದಕ್ಕೆ ಇರುವೆ ಕಚ್ಚಿತು. ಅಲ್ಲಾಡಲಿಲ್ಲ.

ಮೋಡ ಸರಿದು ಬಿಸಿಲು ಬಿತ್ತು. ನಡುವಿನದು ನಿಧಾನಕ್ಕೆ ರೆಕ್ಕೆ ಬಿಚ್ಚಿತು. ಒಳಗೆ ಶಂಖಪುಷ್ಪದ ನೀಲಿ. ಅವಳು ಒತ್ತಿದಳು, ಮತ್ತೆ ಒತ್ತಿದಳು.

ಮಲಗಿದಲ್ಲಿಂದಲೇ ಮೊಬೈಲನ್ನು ಹಿಂದಕ್ಕೆ ಚಾಚಿದಳು. ಮೇಷ್ಟ್ರು ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಪುಸ್ತಕ ತೆಗೆದರು. "ಸೇರಿಸಿದೆ ಕಣಮ್ಮ. ಕಂಡವರು ಅಂತ ನಿನ್ನ ಹೆಸರು ಹಾಕ್ತೀನಿ. ಅಪ್ಪನ ಹೆಸರೇನು?"

"ಅಪ್ಪನ ಹೆಸರು ಬ್ಯಾಡಿ ಸಾರ್. ಅಪ್ಪ ಕಂಡಿಲ್ಲ."

ಮೇಷ್ಟ್ರು ನಕ್ಕು, ಅವಳ ಹೆಸರೊಂದನ್ನೇ ಬರೆದರು. ಅಷ್ಟರಲ್ಲಿ ಓವೈಸ್ ಬಿಳಿ ಪ್ಯಾಂಟಿನ ಆಸೆ ಬಿಟ್ಟು ಅವಳ ಪಕ್ಕದಲ್ಲೇ ಬೋರಲು ಬಿದ್ದಿದ್ದ. ಮಾಯಮ್ಮನೂ ಓಡಿ ಬಂದು ಸೆರಗು ಬಿಗಿಹಿಡಿದು ಬಗ್ಗಿದಳು. ಮೇಷ್ಟ್ರೂ ಬಗ್ಗಿದರು. ಚಿಟ್ಟೆ ಮತ್ತೆ ರೆಕ್ಕೆ ಬಿಚ್ಚುವುದರಲ್ಲಿತ್ತು.

"ಎಲ್ಲಾರೂ ಒಸಿ ಹಿಂದಕ್ಕೆ ಸರೀರಿ," ಎಂದಳು ನವ್ಯಶ್ರೀ, ತಲೆ ಎತ್ತದೆ. "ನೆರಳು ಬೀಳ್ತೈತೆ."

ಮೇಷ್ಟ್ರೂ ಮಾಯಮ್ಮನೂ ಹಿಂದಕ್ಕೆ ಸರಿದರು, ಓವೈಸ್ ಮಲಗಿದಲ್ಲೇ ತೆವಳಿ ಸರಿದ.