ಬಿಸ್ಮಿಲ್ಲಾಳ ಮೊರ

ಶಾಲೆಯೊಳಗೆ ಬೀಡಿ ಕಟ್ಟಿಸಿದ ಅಕ್ಕೋರು ಯಾರೆಂದು ನಿಪ್ಪಾಣಿಯಲ್ಲಿ ಕೇಳಿದರೆ ಇಂದಿಗೂ ನನ್ನ ಹೆಸರು ಹೇಳುತ್ತಾರೆ. ಹೌದು, ಕಟ್ಟಿಸಿದೆ. ಏನೀಗ?

ಎಂಬತ್ತೇಳರ ಮಾತು. ನಾನು ಕಲಿಸುತ್ತಿದ್ದ ಏಳನೆಯ ತರಗತಿಯ ಬಿಸ್ಮಿಲ್ಲಾ ಲೆಕ್ಕದಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು. ತಂದೆ ಇರಲಿಲ್ಲ. ದೀಪಾವಳಿ ರಜೆ ಮುಗಿದರೂ ಹುಡುಗಿ ಬರಲಿಲ್ಲ. ಮನೆಗೇ ಹೋದೆ. ತಾಯಿ ಕುಲಸುಂಬಿ ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟುತ್ತ ಕೂತಿದ್ದಳು.

“ನನ್ನ ಕೈ ನಡಗತಾವ್ರಿ ಅಕ್ಕೋರ. ಆಕಿ ಸಾಲಿಗೆ ಬಂದ್ರ ಬೀಡಿ ಯಾರ ಕಟ್ಟಬೇಕ? ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವೇನ್ರಿ?”

ನನಗೆ ರೇಗಿತು. “ಹಂಗಾರ ಮೊರ ತಗೊಂಡ ಬರ್ಲಿ! ಕೈ ಬೀಡಿ ಕಟ್ಟಲಿ, ಕಿವಿ ಪಾಠ ಕೇಳಲಿ,” ಎಂದುಬಿಟ್ಟೆ.

ಮರುದಿನ ಬಿಸ್ಮಿಲ್ಲಾ ತಂಬಾಕು, ಎಲೆ ತುಂಬಿದ ಮೊರ ಹಿಡಿದು ಬಂದಳು. ಅವಳನ್ನು ನೋಡಿ, ಶಾಲೆ ಬಿಟ್ಟಿದ್ದ ಉಳಿದ ಹುಡುಗಿಯರೂ ತಂತಮ್ಮ ಮೊರ ಹಿಡಿದು ಬಂದರು. ತಂಬಾಕಿನ ಘಾಟಿಗೆ ನಾನು ಪದ್ಯದ ನಡುವೆಯೇ ಸೀನುತ್ತಿದ್ದೆ.

“ಏಳನೇದ ಪಾಸಾಗಿ, ಹೈಸ್ಕೂಲ ಮುಗಿಸಿ, ನಾನೂ ಅಕ್ಕೋರ ಆಗ್ತೀನ್ರಿ,” ಎನ್ನುತ್ತಿದ್ದಳು ಬಿಸ್ಮಿಲ್ಲಾ. “ನಿಮ್ಮಂಗ ಸೀನೂದಿಲ್ಲ.”

“ಏ ಹುಚ್ಚಿ, ಸುಮ್ನ ಕುಂಡ್ರ!” ಎನ್ನುತ್ತಿದ್ದೆ. ಒಳಗೊಳಗೇ ಹಿಗ್ಗುತ್ತಿದ್ದೆ.

ಚಳಿ ಮುಗಿಯುವ ಹೊತ್ತಿಗೆ ತಪಾಸಣೆಯ ಸಾಹೇಬರು ಬಂದರು. ಕೆಟ್ಟವರಲ್ಲ. ಮೊರಗಳನ್ನು ಕಂಡು ಅವರ ಕಣ್ಣು ತುಂಬಿದವು.

“ಮಕ್ಕಳ ಕೈಯಾಗ ತಂಬಾಕ ಇರಬಾರದ್ರಿ, ಅಕ್ಕೋರ.”

“ಖರೆ ಐತ್ರಿ. ಆದ್ರ ಮನ್ಯಾಗ ಕುಂತ್ರ ತಂಬಾಕ ಅಷ್ಟ ಇರತೈತಿ, ಪಾಠ ಇರೂದಿಲ್ಲ.”

ಅವರು ಕೇಳಲಿಲ್ಲ. ನಾಳೆಯಿಂದ ಮೊರ ಬಂದರೆ ನನ್ನ ನೌಕರಿ ಹೋಗುತ್ತದೆ ಎಂದರು. ಮರುದಿನ ಮೊರ ಬರಲಿಲ್ಲ, ಹುಡುಗಿಯರೂ ಬರಲಿಲ್ಲ. ಆ ದಿನ ನನಗೆ ಒಂದು ಸೀನೂ ಬರಲಿಲ್ಲ. ಎಷ್ಟು ಕರೆದರೂ ಕುಲಸುಂಬಿ ಮಗಳನ್ನು ಪರೀಕ್ಷೆಗೂ ಕಳಿಸಲಿಲ್ಲ.

ಲೆಕ್ಕದ ಪರೀಕ್ಷೆ ಮುಗಿದ ಸಂಜೆ ಪ್ರಶ್ನೆಪತ್ರಿಕೆ ಹಿಡಿದು ಅವರ ಮನೆಗೆ ಹೋದೆ. ಬಿಸ್ಮಿಲ್ಲಾ ತಲೆ ಎತ್ತಲಿಲ್ಲ.

“ಓದ್ರಿ,” ಎಂದಳು.

ಒಂದೊಂದೇ ಓದಿದೆ. ಎಲೆ ಸುರುಳಿ ಮಾಡುತ್ತ, ದಾರ ಸುತ್ತುತ್ತ ಎಲ್ಲಕ್ಕೂ ಉತ್ತರ ಹೇಳಿದಳು. ಒಂದೂ ತಪ್ಪಲಿಲ್ಲ.

“ಪಾಸಾದ್ನೇನ್ರಿ?”

“ಪಾಸಾದಿ, ನನ್ನವ್ವ,” ಎಂದೆ. ತಡೆಯಲಾಗದೆ ಅತ್ತುಬಿಟ್ಟೆ.

“ಹಂಗಾರ ತುಸು ಆಕಡೆ ಸರೀರಿ, ಅಕ್ಕೋರ,” ಎಂದಳು. “ಎಲಿ ಮ್ಯಾಲ ಕುಂತೀರಿ.”