ಎರವಲು ದನಿ

"ಭಾವ ಬೇಡ ಆಂಟಿ, ಬರೀ ಶಬ್ದ ಸಾಕು," ಎಂದು ಗಾಜಿನ ಆಚೆಯಿಂದ ಕಶ್ಯಪ್ ಹೇಳಿದ್ದು ಗುರುದೇವಿಯ ಹೆಡ್‌ಫೋನಿನಲ್ಲಿ ಕೇಳಿಸಿತು.

ಅವಳು ಸೆರಗು ಸರಿಮಾಡಿಕೊಂಡು ಮತ್ತೆ ಓದಿದಳು. ಅಕ, ಇಕ, ಉಕ. ಅಗ, ಇಗ, ಉಗ. ಹಾಳೆಯ ತುಂಬ ಅರ್ಥವಿಲ್ಲದ ಸಾಲುಗಳು. ಆದರೂ ಒಂದೊಂದು ಸದ್ದು ಬಾಯಿಗೆ ಬಂದಾಗ ದನಿ ತಾನಾಗಿ ಮೇಲೇರುತ್ತಿತ್ತು, ಅಂಗಳದಲ್ಲಿ ಯಾರನ್ನೋ ಕರೆದಂತೆ. ಕಾಲೇಜಿನ ನೆಲಮಾಳಿಗೆಯ ಆ ಪುಟ್ಟ ಕೋಣೆಯ ಗೋಡೆಗೆಲ್ಲ ಸ್ಪಂಜು ಹೊದಿಸಿದ್ದರು. ಅಡಿಯಲ್ಲಿ ಟ್ಯೂಬ್ ರೈಲು ಹಾದುಹೋಗುವಾಗ ಕುರ್ಚಿ ಸಣ್ಣಗೆ ನಡುಗುತ್ತಿತ್ತು. ಆಗ ಕಶ್ಯಪ್ ಕೈ ಎತ್ತುತ್ತಿದ್ದ. ರೈಲು ದಾಟುವವರೆಗೆ ಇಬ್ಬರೂ ಸುಮ್ಮನೆ ಕೂರುತ್ತಿದ್ದರು.

ಕಶ್ಯಪ್ ಮೈಸೂರಿನ ಹುಡುಗ. ಕಂಪ್ಯೂಟರಿಗೆ ಮಾತು ಕಲಿಸುವುದರ ಮೇಲೆ ಲಂಡನ್ನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಇಂಗ್ಲಿಷನ್ನು ಯಂತ್ರ ಅದಾಗಲೇ ತಕ್ಕಮಟ್ಟಿಗೆ ಆಡುತ್ತಿತ್ತು. ಅದರಿಂದ ಕನ್ನಡವನ್ನೂ ಆಡಿಸಬೇಕೆಂಬುದು ಅವನ ಹಟ. ತೊಂಬತ್ತೈದರ ಯುಗಾದಿಗೆ ಕಿಂಗ್ಸ್‌ಬರಿಯಲ್ಲಿ ಕನ್ನಡದವರೆಲ್ಲ ಸೇರಿದ್ದಾಗ ಗುರುದೇವಿ ವಚನ ಹೇಳಿದ್ದನ್ನು ಕೇಳಿ, ಊಟದ ಸಾಲಿನಲ್ಲೇ ಅವಳ ಬಳಿ ಬಂದಿದ್ದ. ಸದ್ದುಗಳನ್ನು ಹಿಡಿದಿಟ್ಟು, ಕತ್ತರಿಸಿ, ಬೇಕಾದಂತೆ ಜೋಡಿಸಿದರೆ ಕಂಪ್ಯೂಟರ್ ಯಾವ ಮಾತನ್ನಾದರೂ ಆಡುತ್ತದೆ, ಮುಂದೆ ಇದು ಮಾತು ಹೋದವರಿಗೆ ಒದಗುತ್ತದೆ ಎಂದು ವಿವರಿಸಿದ್ದ.

ಗುರುದೇವಿ ತಟ್ಟೆ ಕೆಳಗಿಟ್ಟು ಕೇಳಿದ್ದಳು: "ನಮ್ಮ ಮನಿಯವರಿಗೆ ಗಂಟಲದಾಗ ಕ್ಯಾನ್ಸರ್ ಆಗಿತ್ತು. ಹೋದ ವರ್ಷ ಧ್ವನಿಪೆಟ್ಟಿಗೀನ ತಗದಾರ. ಅವರಿಗೂ ಒದಗತೈತೇನು?"

ಕಶ್ಯಪ್, "ಪ್ರಯತ್ನ ಮಾಡೋಣ ಆಂಟಿ," ಎಂದಿದ್ದ.

ಅವಳ ಗಂಡ ಕಲ್ಲಯ್ಯ ಪಾರ್ಕ್ ರಾಯಲ್‌ನ ಬಿಸ್ಕೀಟು ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವನು. ಯಂತ್ರಗಳ ಗದ್ದಲದ ಮೇಲೆ ಕೂಗಿ ಕೂಗಿ ದೊಡ್ಡದಾದ ದನಿ ಅವನದು. ಮನೆಯಲ್ಲೂ ಅವನೇ ಆಡುವವನು, ಗುರುದೇವಿ ಕೇಳುವವಳು. ಆಪರೇಷನ್ನಿನ ನಂತರ ಕೊರಳಿಗೆ ಒತ್ತಿ ಹಿಡಿದು ಮಾತಾಡುವ ಗುಂಯ್‌ಗುಡುವ ಉಪಕರಣವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ರೇಡಿಯೇಶನ್ನಿಗೆ ಕೊರಳು ಮರದಂತೆ ಬಿಗಿದುಹೋಗಿದ್ದರಿಂದ ಅದೂ ಫಲಿಸಲಿಲ್ಲ. ಕಿಟಕಿಯ ಪಕ್ಕದ ಕುರ್ಚಿ ಹಿಡಿದ ಕಲ್ಲಯ್ಯ ಬೇಕಾದ್ದನ್ನು ಬಿಳಿ ಹಲಗೆಯ ಮೇಲೆ ಗೀಚುತ್ತಿದ್ದ. ಚಹಾ. ಬಾಗಲಾ ಹಾಕು. ಬ್ಯಾಡ.

ಆ "ಬ್ಯಾಡ"ದ ಮೇಲೆ ರೆಕಾರ್ಡಿಂಗಿನಲ್ಲಿ ಸಣ್ಣ ಜಗಳವೇ ಆಯಿತು. ಕಶ್ಯಪ್‌ನ ಹಾಳೆಗಳಲ್ಲಿ "ಬೇ" ಇತ್ತು, "ಬ್ಯಾ" ಇರಲಿಲ್ಲ.

"ಬ್ಯಾಡ, ಮ್ಯಾಲೆ, ಬ್ಯಾಳಿ. ಇವೆಲ್ಲಾ ಇಲ್ಲದಿದ್ರ ನಿಮ್ಮ ಕಂಪ್ಯೂಟರ್ ನಮ್ಮ ಮನ್ಯಾಗ ಹೆಂಗ ಮಾತಾಡಬೇಕು?"

"ಆಂಟಿ, ಇದು ಸ್ಟ್ಯಾಂಡರ್ಡ್ ಕನ್ನಡ…"

"ಅವರು ಒಂದ ದಿನಾನೂ ಸ್ಟ್ಯಾಂಡರ್ಡ್ ಮಾತಾಡಿದವರಲ್ಲಪಾ."

ಕಶ್ಯಪ್ ನಕ್ಕು, ಮಾರನೆಯ ವಾರ ಹೊಸ ಹಾಳೆಗಳನ್ನು ತಂದ.

ಬೇಸಿಗೆ ಮುಗಿಯುವ ಹೊತ್ತಿಗೆ ಯಂತ್ರ ತಯಾರಾಯಿತು. ಕಶ್ಯಪ್ ತನ್ನ ವಿಭಾಗದ ಹಳೆಯ ಕಂಪ್ಯೂಟರೊಂದನ್ನು ಗೆಳೆಯನ ಕಾರಿನಲ್ಲಿ ಹೇರಿಕೊಂಡು ಬಂದು, ಗುರುದೇವಿಯ ಊಟದ ಮೇಜಿನ ಮೇಲೆ ಜೋಡಿಸಿದ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಎಂಟರ್ ಹೊಡೆದರೆ ಸಾಕು. ಏನಾದರೂ ಒತ್ತಿ ಎಂದು ಕಲ್ಲಯ್ಯನನ್ನು ಕೂರಿಸಿದ. ಕಲ್ಲಯ್ಯ ತೋರುಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಹೆಂಡತಿಯ ಹೆಸರು ಒತ್ತಿದ.

"ಗುರುದೇವಿ," ಎಂದಿತು ಯಂತ್ರ.

ಅದು ಗುರುದೇವಿಯದೇ ದನಿ. ಭಾವವಿಲ್ಲದ, ನಡುನಡುವೆ ತುಸು ಎಡವುವ ದನಿ, ಆದರೆ ಅವಳದೇ. ಇಷ್ಟು ತಿಂಗಳು ಓದಿದರೂ ಕೊನೆಗೆ ಇದು ಹೀಗೆಯೇ ಆಗುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಮಗಳು ಸೌಜನ್ಯಾ, "ಓ ಮೈ ಗಾಡ್, ಡ್ಯಾಡ್ ಸೌಂಡ್ಸ್ ಲೈಕ್ ಮಮ್!" ಎಂದು ಕಿಸಕ್ಕನೆ ನಕ್ಕಳು.

ಕಲ್ಲಯ್ಯ ನಗಲಿಲ್ಲ. ಹಲಗೆ ತೆಗೆದುಕೊಂಡು ಬರೆದ: ಹೆಂಗಸಿನ ದನೀಲೆ ನಾ ಮಾತಾಡಬೇಕೇನು?

ಕಶ್ಯಪ್ ಗಡಿಬಿಡಿಯಿಂದ ಏನೇನೋ ತಿರುಗಿಸಿ ದನಿಯನ್ನು ಗಂಡಸಿನ ಮಟ್ಟಕ್ಕೆ ತಗ್ಗಿಸಿದ. ಬಾವಿಯೊಳಗಿಂದ ಯಾರೋ ನರಳಿದಂತೆ ಕೇಳಿಸಿತು. ಕಲ್ಲಯ್ಯ ಎದ್ದು ಹೋಗಿ ಕಿಟಕಿಯ ಕುರ್ಚಿಯಲ್ಲಿ ಕೂತ. ಕಶ್ಯಪ್ ಹಳೆಯ ದನಿಯನ್ನೇ ಮರಳಿಸಿ, "ಸಾರಿ ಆಂಟಿ, ಸದ್ಯಕ್ಕೆ ಇಷ್ಟೇ ಆಗೋದು," ಎಂದು ಚಹಾ ಕೂಡ ಕುಡಿಯದೆ ಹೊರಟ. ಕಂಪ್ಯೂಟರ್ ಅಲ್ಲೇ ಉಳಿಯಿತು. ಗುರುದೇವಿ ಅದಕ್ಕೊಂದು ಬಟ್ಟೆ ಹೊದಿಸಿದಳು.

ಅಕ್ಟೋಬರಿನಲ್ಲಿ ಧಾರವಾಡದಿಂದ ಶಂಕರ ಫೋನ್ ಮಾಡಿದ. ಅವನು ಕಲ್ಲಯ್ಯನ ಅಕ್ಕ ಕಾಶವ್ವನ ಮಗ. ತಾಯಿಯಿಲ್ಲದ ಕಲ್ಲಯ್ಯನನ್ನು ಸಾಕಿ ಬೆಳೆಸಿದವಳು ಕಾಶವ್ವ. ತಮ್ಮನ ಆಪರೇಷನ್ನಿನ ಸುದ್ದಿ ತಿಳಿದರೆ ಎದೆ ಒಡೆದುಕೊಂಡಾಳೆಂದು ಅವಳಿಗೆ ಹೇಳಿರಲಿಲ್ಲ. ಅವಳು ಫೋನಿಗೆ ಬಂದಾಗಲೆಲ್ಲ ಗುರುದೇವಿ, "ಅವರು ಡ್ಯೂಟಿಗೆ ಹೋಗ್ಯಾರ್ರಿ ಅಕ್ಕಾರ," ಎನ್ನುತ್ತಿದ್ದಳು. ಈಚೆಗೆ ಕಾಶವ್ವ ಸಿಟ್ಟಾಗಿ ಫೋನಿಗೆ ಬರುವುದನ್ನೇ ಬಿಟ್ಟಿದ್ದಳು.

"ಅವ್ವನ ಎರಡೂ ಕಣ್ಣಿಗೆ ಪೊರಿ ಬಂದೈತ್ರಿ ಅತ್ತಿ," ಎಂದ ಶಂಕರ. "ಮನ್ನೆ ಹೊಸ್ತಿಲಾ ಎಡವಿ ಬಿದ್ಲು. ಆಪರೇಷನ್ ಅಂದ್ರ ಕೈಕಾಲು ನಡಗಸ್ತಾಳ. ನನ್ನ ತಮ್ಮ ತನ್ನ ಬಾಯಿಲೆ ಹೇಳಲಿ, ಆಗ ಮಾಡಿಸ್ಕೋತೀನಿ ಅಂತಾಳ. ಮಾವಾರಿಗೆ ಹೇಳಾಕ ಆಗೂದಿಲ್ಲ ಅಂತ ನನಗ ಗೊತ್ತೈತಿ. ಅಕಿಗೆ ಏನಂತ ಹೇಳ್ಲಿ?"

ಗುರುದೇವಿ ಅಷ್ಟನ್ನೂ ಗಂಡನಿಗೆ ಹೇಳಿದಳು. ಕಲ್ಲಯ್ಯ ಹೊರಗೆ ಕೌನ್ಸಿಲ್‌ನವರು ಒಣಗಿದೆಲೆ ಗುಡಿಸುತ್ತಿದ್ದುದನ್ನು ನೋಡುತ್ತ ಕೂತ. ಮಾರನೆಯ ದಿನ ಅವಳು ಅಂಗಡಿಯಿಂದ ಬಂದಾಗ ಕಂಪ್ಯೂಟರಿನ ಮೇಲಿನ ಬಟ್ಟೆ ಮಡಿಚಿಟ್ಟಿತ್ತು. ಕಲ್ಲಯ್ಯ ಅದರ ಮುಂದೆ ಕೂತು ಬೆರಳಾಡಿಸಿ ಅಭ್ಯಾಸ ಮಾಡುತ್ತಿದ್ದ.

ಭಾನುವಾರ ಬೆಳಿಗ್ಗೆ ಫೋನ್ ಹಚ್ಚಿದರು. ಸೌಜನ್ಯಾ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಗುಂಡಿ ಒತ್ತಿದಳು. ಶಂಕರ ಹೇಗೋ ಪುಸಲಾಯಿಸಿ ಅವ್ವನನ್ನು ಕರೆತಂದಿದ್ದ.

"ಯಾರು?" ಕಾಶವ್ವನ ದನಿ ಬಿಗಿಯಾಗಿತ್ತು.

ಕಲ್ಲಯ್ಯ ಮೊದಲೇ ಒತ್ತಿಟ್ಟಿದ್ದ ಮಾತಿಗೆ ಎಂಟರ್ ಹೊಡೆದ. "ಯಕ್ಕಾ, ಕಣ್ಣು ಮಾಡಿಸ್ಕೋ. ನೀ ಅಂಜಬ್ಯಾಡ," ಎಂದಿತು ಯಂತ್ರ.

ಆ ಕಡೆ ಕಾಶವ್ವ ಸಿಡಿದಳು.

"ಏನ ಗುರುದೇವಿ, ನನಗ ನೀ ಅನ್ನೂವಷ್ಟು ದೊಡ್ಡಾಕಿ ಆದ್ಯಾ? ಲಂಡನ್ ನೀರು ಕುಡದು ರೀ ಅನ್ನೂದೂ ಮರತ್ಯಾ?"

ಗುರುದೇವಿ ತನ್ನ ದನಿ ಆಡಿದ್ದಕ್ಕೆ ತಾನು ಬೈಸಿಕೊಂಡು, ತಾನಲ್ಲ ಎನ್ನಲೂ ಆಗದೆ ನಿಂತಿದ್ದಳು. ಕಲ್ಲಯ್ಯನ ಬೆರಳು ಅವಸರದಲ್ಲಿ ತಪ್ಪುತ್ತಿತ್ತು. ಅಳಿಸಿ ಅಳಿಸಿ ಒತ್ತಿದ.

"ಗುರುದೇವಿ ಅಲ್ಲ. ನಾ ನಿನ್ನ ಕಲ್ಯಾ."

"ಏನಿದು ಚಾಷ್ಟಿ?"

ಗುರುದೇವಿ ಫೋನಿನ ಮೇಲೆ ಬಾಗಿದಳು. "ಚಾಷ್ಟಿ ಅಲ್ರಿ ಅಕ್ಕಾರ," ಎಂದಳು. ಗಂಟಲ ಕ್ಯಾನ್ಸರು, ಆಪರೇಷನ್ನು, ಇಷ್ಟು ದಿನದ ಸುಳ್ಳು, ಎಲ್ಲವನ್ನೂ ಹೇಳಿದಳು. "ಅವರು ಒತ್ತಿದ್ದನ್ನ ಒಂದು ಮಷೀನು ನನ್ನ ದನೀಲೆ ಹೇಳತೈತ್ರಿ. ದನಿ ಅಷ್ಟ ನಂದು, ಮಾತೆಲ್ಲಾ ಅವರದು."

ಆ ಕಡೆ ಶಂಕರ ಏನೋ ಸಮಾಧಾನ ಹೇಳುತ್ತಿದ್ದುದು, ಮೂಗು ಸೀಟಿದ್ದು ಕೇಳಿಸಿತು. ಮತ್ತೆ ಕಾಶವ್ವನ ದನಿ ಬಂದಾಗ ಅದು ತೀರ ಸಣ್ಣದಾಗಿತ್ತು.

"ಕಲ್ಯಾ, ಕೊಯ್ಯೂವಾಗ ಭಾಳ ನೋವಾತೇನೋ?"

ಕಲ್ಲಯ್ಯ ನೋವಾಗಲಿಲ್ಲವೆಂದು ಒತ್ತುತ್ತಾನೆಂದೇ ಗುರುದೇವಿ ಅಂದುಕೊಂಡಿದ್ದಳು. ಅವನು ಪರದೆಯನ್ನು ದಿಟ್ಟಿಸುತ್ತ ಕೂತು, ನಿಧಾನವಾಗಿ ಒತ್ತಿದ.

"ಕೊಯ್ಯೂವಾಗ ಗೊತ್ತಾಗಲಿಲ್ಲ. ಆಮ್ಯಾಲೆ ನೋವಾತು. ಅಂಜಿಕೀನೂ ಬಂದಿತ್ತು. ಈಗ ಕಮ್ಮಿ."

ಇದನ್ನು ಅವನು ಹಲಗೆಯ ಮೇಲೂ ಯಾವತ್ತೂ ಬರೆದಿರಲಿಲ್ಲ. ಗುರುದೇವಿ ತನ್ನ ದನಿಯಲ್ಲೇ ಅದನ್ನು ಮೊದಲ ಸಲ ಕೇಳಿದಳು.

"ನೀ ಇಷ್ಟು ತಡಕೊಂಡಿ ಅಂದ್ರ ನಾ ಕಣ್ಣು ಮಾಡಿಸ್ಕೋತೀನಿ ತಗೋ," ಎಂದಳು ಕಾಶವ್ವ. "ಆದ್ರ ಅವತ್ತ ನೀ ಫೋನ್ ಮಾಡಬೇಕು ನೋಡು. ನೀನ."

"ಮಾಡ್ತೀನಿ."

ಅಲ್ಲಿಂದ ಅವಳ ಮಾತು ಕಟ್ಟೆಯೊಡೆಯಿತು. ಕೂಡಿಟ್ಟಿದ್ದ ದೂರು, ಓಣಿಯವರ ಸುದ್ದಿ, ಶಂಕರನ ಹೆಂಡತಿಯ ಅಡುಗೆಗೆ ಉಪ್ಪು ಸಾಲದ್ದು. ಕಲ್ಲಯ್ಯ ಮೊದಮೊದಲು ಉತ್ತರ ಒತ್ತಲು ಹೋದ. ಅವನ ಬೆರಳು ಅಕ್ಕನ ನಾಲಿಗೆಯನ್ನು ಹಿಡಿಯಲಾರದೆ ಹೋಯಿತು. ಕೊನೆಗೆ "ಹೂಂ" ಎಂದಷ್ಟೇ ಒತ್ತಿದ. ಎಂಟರ್ ಹೊಡೆದಾಗಲೆಲ್ಲ ಯಂತ್ರ ಅದನ್ನೇ ಮತ್ತೆ ನುಡಿಯಿತು. ಅಲ್ಲಿಂದ ಅವನು ಬೇರೇನೂ ಒತ್ತಲಿಲ್ಲ. ಮಾತು ನಿಂತಲ್ಲಿ ತಾಳ ಹಾಕಿದಂತೆ ಬೆರಳಿಡುತ್ತ ಕೂತ.

ಗುರುದೇವಿ ಅಡುಗೆಮನೆಗೆ ಬಂದಳು. ಬೇಳೆಯ ಕುಕ್ಕರು ಒಲೆಯ ಮೇಲಿತ್ತು. ಹಿಂದಿನ ಕೋಣೆಯಲ್ಲಿ ಕಾಶವ್ವ ಯಾರನ್ನೋ ಬೈಯುತ್ತಿದ್ದಳು, ನಡುವೆ ಗುರುದೇವಿಯ ದನಿ ಹೂಂಗುಟ್ಟುತ್ತಿತ್ತು. ಕುಕ್ಕರು ಬುಸುಗುಡತೊಡಗಿತು. ಸೀಟಿ ಹಾಕುವ ಮೊದಲೇ ಅವಳು ಗ್ಯಾಸು ಆರಿಸಿದಳು.